ಐದು ರಿಮೋಟಿನ ಮನೆಗೆ ಒಂದೇ ರಿಮೋಟು

ವಾಚು ರಿಪೇರಿಯವನ ಮಾನ ಹೋಗಿದ್ದು ಐದು ರಿಮೋಟುಗಳಿಂದ. ಟೀವಿಗೊಂದು, ಸೆಟ್‌ಟಾಪ್ ಬಾಕ್ಸಿಗೊಂದು, ಡಿಸ್ಕ್ ಹಾಕುವ ಪ್ಲೇಯರಿಗೊಂದು, ಆಂಪ್ಲಿಫೈಯರಿಗೊಂದು, ಮೂಲೆಯ ದಪ್ಪ ಸ್ಪೀಕರಿಗೊಂದು. ತಾನೇ ಒಂದೊಂದಾಗಿ ಕೂಡಿಸಿ ಕಟ್ಟಿದ ಹೋಮ್ ಥಿಯೇಟರನ್ನು ಕಳೆದ ತಿಂಗಳು ಮಾವನಿಗೆ ತೋರಿಸಲು ಹೋಗಿದ್ದ. ಚಿತ್ರ ಬಂದರೆ ಸದ್ದಿಲ್ಲ, ಸದ್ದು ಬಂದರೆ ಚಿತ್ರವಿಲ್ಲ. ಮಾವ ಮೂವತ್ತೈದು ವರ್ಷ ರೈಲು ಎಂಜಿನ್ ಓಡಿಸಿ ನಿವೃತ್ತರಾದವರು. ಅರ್ಧ ಗಂಟೆ ಕಾದು, ಎದ್ದು, ಚಪ್ಪಲಿ ಮೆಟ್ಟಿಕೊಂಡರು.

"ಹದಿನೆಂಟು ಬೋಗಿ ಎಳ್ಕೊಂಡು ಹೋಗೋಕೆ ನನಗೆ ಒಂದೇ ಹಿಡಿಕೆ ಸಾಕಾಗ್ತಿತ್ತು, ಅಳಿಯಂದ್ರೇ."

ಅಷ್ಟೇ ಅಂದಿದ್ದು. ಆದರೆ ಆ ಮಾತು ಅವನಿಗೆ ಅನ್ನ ಸೇರದ ಹಾಗೆ ಮಾಡಿತು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಇಷ್ಟು ವರ್ಷದಲ್ಲಿ ಮಾವನ ಬಾಯಿಂದ ಅಪ್ಪಿತಪ್ಪಿಯೂ ಒಂದು ಶಭಾಷ್ ಬಿದ್ದಿರಲಿಲ್ಲ. ಅದೊಂದು ಸಿಕ್ಕಿಬಿಟ್ಟರೆ ಜನ್ಮ ಸಾರ್ಥಕ ಅಂದುಕೊಂಡಿದ್ದ, ಪಾಪ.

ಇವತ್ತು ಸಂಜೆ ಐದಕ್ಕೆ ಅಪ್ಪ ಬರುತ್ತಾರೆ ಎಂದು ಹೆಂಡತಿ ಬೆಳಿಗ್ಗೆ ಹೇಳಿದ್ದೇ ತಡ, ಅವನು ಅಂಗಡಿಯ ಬಾಗಿಲು ತೆರೆಯುವ ಗೋಜಿಗೇ ಹೋಗಲಿಲ್ಲ. ಎಲ್ಲ ಯಂತ್ರಕ್ಕೂ ಒಂದೇ ಸಾಕು ಅನ್ನುವ ಯೂನಿವರ್ಸಲ್ ರಿಮೋಟ್ ತರಲು ಹೊರಟ. ಹೊರಟವನ ಬೆನ್ನಿಗೆ ಪಕ್ಕದ ಮನೆಯ ದರ್ಜಿ ಬಿದ್ದ. ಮೇಲಿನ ಮನೆಯ ಡ್ರಾಯಿಂಗ್ ಮೇಷ್ಟ್ರು ಮೆಟ್ಟಿಲಲ್ಲೇ ವಿಷಯ ತಿಳಿದು, ಕರೆಯದಿದ್ದರೂ ಬಂದರು.

ಅಂಗಡಿಯವನು ಆರು ಬಗೆಯ ರಿಮೋಟು ಹರವಿದ. ದರ್ಜಿ ಒಂದೊಂದನ್ನೂ ಬಟ್ಟೆಯಂತೆ ಸವರಿ, ಇದು ಕೈಗೆ ಬಿಗಿ, ಅದು ಸಡಿಲ ಎಂದ. ಮೇಷ್ಟ್ರಿಗೆ ಗುಂಡಿಗಳ ಬಣ್ಣ ಹಿಡಿಸಲಿಲ್ಲ. ನಮ್ಮವನು ಮಾತ್ರ ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ಎರಡು ಗಂಟೆ ಕೂತು, ಕೊನೆಗೆ ನಲವತ್ತೆಂಟು ಗುಂಡಿಯ ಕರಿಯ ರಿಮೋಟನ್ನು ಎತ್ತಿ ಹಿಡಿದ. ಜೋಡಣೆಯಲ್ಲಿ ಕೂದಲೆಳೆ ತೂರುವಷ್ಟೂ ಸಂದಿಲ್ಲ ಎಂದು ಮೂವರೂ ಮೆಚ್ಚಿಕೊಂಡರು. ಅಂಗಡಿಯವನು, ಒಂದು ನಿಮಿಷ ಕೂತರೆ ಹೇಗೆ ಹೊಂದಿಸಬೇಕೆಂದು ತೋರಿಸಿಕೊಡುತ್ತೇನೆ ಎಂದ.

"ಸೂಜಿ ಮೊನೆಯಷ್ಟು ಚಕ್ರ ಕೂರಿಸೋ ಕೈ ಇದು" ಎಂದು ಇವನು ಎದ್ದೇಬಿಟ್ಟ. "ನನಗೆ ಹೇಳ್ಕೊಡ್ತೀರಾ?"

ಮನೆಗೆ ಬಂದವನೇ ಕೆಲಸ ಶುರು ಮಾಡಿದ. ಡಬ್ಬಿಯೊಳಗಿನ ಪುಸ್ತಕದಲ್ಲಿ ಒಂದೊಂದು ಕಂಪನಿಗೂ ಸಾಲುಸಾಲು ನಂಬರುಗಳಿದ್ದವು. ನಂಬರು ಒತ್ತುತ್ತಾ ಹೋಗಬೇಕು, ಸರಿಯಾದದ್ದು ಬಿದ್ದರೆ ಯಂತ್ರ ಕಣ್ಣು ಬಿಡುತ್ತದೆ. ಮೇಷ್ಟ್ರು ಹಾಜರಿ ಕೂಗುವಂತೆ ನಂಬರು ಓದಿದರು, ಇವನು ಒತ್ತಿದ, ದರ್ಜಿ ಟೀವಿಯ ಮುಖಕ್ಕೆ ಮುಖ ಕೊಟ್ಟು ಕೂತ. ನೂರಾ ಹನ್ನೆರಡು ನಂಬರು ಮುಗಿದರೂ ಟೀವಿ ಮಿಸುಕಲಿಲ್ಲ. ಕಿಟಕಿ ಪರದೆಯ ನೆರಳು ಅಡ್ಡ ಬರುತ್ತಿದೆ ಎಂದು ದರ್ಜಿ ಪರದೆ ಕಳಚಿದ. ಎತ್ತರ ಸಾಲದೆಂದು ಮೇಷ್ಟ್ರು ಇವನನ್ನು ಸ್ಟೂಲಿನ ಮೇಲೆ ಹತ್ತಿಸಿದರು. ಸೋಫಾ ಸರಿಸುವಾಗ ದರ್ಜಿಯ ಕಾಲು ವೈರಿಗೆ ಸಿಕ್ಕಿ, ಚಿಕ್ಕ ಸ್ಪೀಕರು ಉರುಳಿ, ಸ್ಟೂಲಿನಿಂದ ಇಳಿಯುತ್ತಿದ್ದವನ ಹೆಬ್ಬೆರಳ ಮೇಲೆ ಬಿತ್ತು. ಈ ನಡುವೆ ಹೆಂಡತಿ ಎರಡು ಸಲ ಬಂದು, "ರೀ, ಒಂದು ಮಾತು" ಅಂದಳು. ಎರಡು ಸಲವೂ ಮೂರು ಗಂಡಸರು ಸೇರಿ, ಇದು ಟೆಕ್ನಿಕಲ್ ವಿಷಯ ಎಂದು ಅವಳನ್ನು ಸಾಗಹಾಕಿದರು.

ಅಷ್ಟರಲ್ಲಿ ಐದು ಗಂಟೆ, ಮತ್ತು ಮಾವ. ಎಂಜಿನ್ ಓಡಿಸಿದವರು ಒಂದು ನಿಮಿಷ ತಡ ಮಾಡುತ್ತಾರೆಯೇ? ಬಂದು, ಅಡುಗೆಮನೆ ಬಾಗಿಲಿಗೆ ಎದುರಾಗಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತರು. ಇವನು ಅಡುಗೆಮನೆಗೆ ಓಡಿ, ಕರೆಂಟು ಹೋಯಿತು ಅಂತ ಹೇಳಿಬಿಡಲೇ ಎಂದು ಹೆಂಡತಿಯನ್ನು ಕೇಳಿದ.

"ಏನೂ ಬೇಡ. ಸೋಫಾದಲ್ಲಿ ಕೂತ್ಕೊಂಡು, ಯಾವುದು ಹಚ್ತೀರಿ ಅಂತ ಜೋರಾಗಿ ಹೇಳಿ ಒತ್ತಿ" ಎಂದಳು ಅವಳು. "ಬರುತ್ತೆ."

ದೇವರ ಮೇಲೆ ಭಾರ ಹಾಕಿ ಕೂತ. "ಟೀವಿ" ಎಂದು ಒತ್ತಿದ. ಟೀವಿ ಬೆಳಗಿತು! ಸ್ವಂತ ಕಣ್ಣನ್ನೇ ನಂಬದೆ "ಆಂಪ್ಲಿಫೈಯರ್" ಎಂದ. ಅದರ ಹಸಿರು ದೀಪ ಹೊತ್ತಿತು. "ಪ್ಲೇಯರ್" ಎಂದ. ಡಿಸ್ಕು ತಿರುಗಿತು, ಕುದುರೆಗಳ ಖುರಪುಟ ನಾಲ್ಕು ಮೂಲೆಯಿಂದಲೂ ಕೇಳಿತು. ದರ್ಜಿ ಕಾಲು ಮೇಲೆತ್ತಿ ಕೂತ. ಇವನ ಎದೆ ಅಂಗಿಯ ಗುಂಡಿ ಕಿತ್ತುಬರುವಷ್ಟು ಉಬ್ಬಿತು. ಸದ್ದು ಇಪ್ಪತ್ತಕ್ಕೆ ಎಂದು ಸೂರಿನತ್ತ ಗುರಿಯಿಟ್ಟು ಒತ್ತಿದ, ಬಂತು. ಹತ್ತಕ್ಕೆ ಎಂದು ಬೆನ್ನ ಹಿಂದಿನಿಂದ ಒತ್ತಿದ, ಬಂತು. ನಿಲ್ಲಿಸು ಎಂದು ಕಣ್ಣುಮುಚ್ಚಿ ಒತ್ತಿದಾಗ ಮಾತ್ರ ಸ್ವಲ್ಪ ತಡವಾಯಿತು, ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು, ಆಮೇಲೆ ನಿಂತಿತು. ದೊಡ್ಡ ಯಂತ್ರಗಳಿಗೆ ಯೋಚಿಸಲು ಟೈಮು ಬೇಕು ಎಂದು ಇವನು ವಿವರಿಸಿದ.

ಮೇಷ್ಟ್ರೂ ದರ್ಜಿಯೂ, ನಮಗೂ ಇಂಥದ್ದೇ ತಂದು ಕೊಟ್ಟು ನಾಳೆಯೇ ಹೊಂದಿಸಿಕೊಡಬೇಕು ಎಂದು ದುಂಬಾಲು ಬಿದ್ದರು. ಒಂಬತ್ತು ಗಂಟೆಗೆ ಬಂದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತೇನೆ ಎಂದು ಮಾತು ಕೊಟ್ಟು ಅವರನ್ನು ಬಾಗಿಲವರೆಗೆ ಬಿಟ್ಟುಬಂದ.

ಮಾವ ಎದ್ದು ನಿಂತಿದ್ದರು. ಅವರ ಕಣ್ಣಲ್ಲಿ ನೀರಿತ್ತು.

"ಶಭಾಷ್" ಎಂದರು.

ಇವನು ಬಗ್ಗಿ ಮಾವನ ಕಾಲು ಮುಟ್ಟಿದ. ಎದ್ದು ನೋಡಿದರೆ ಮಾವ ಇವನನ್ನು ನೋಡುತ್ತಿರಲೇ ಇಲ್ಲ, ಇವನ ಹೆಗಲ ಮೇಲಿಂದ ಆಚೆ ನೋಡುತ್ತಿದ್ದರು. ತಿರುಗಿದ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಹಳೆಯ ಐದೂ ರಿಮೋಟುಗಳಿದ್ದವು.

ಮಾವ ಇವನ ಕೈಯಿಂದ ಹೊಸ ರಿಮೋಟು ತೆಗೆದುಕೊಂಡು ಹಿಂದಿನ ಮುಚ್ಚಳ ಸರಿಸಿದರು. ಒಳಗೆ ಖಾಲಿ ಗೂಡು. ದಿನಕ್ಕೆ ಮೂವತ್ತು ವಾಚಿಗೆ ಸೆಲ್ ಹಾಕುವ ಮನುಷ್ಯ, ಇದಕ್ಕೆ ಸೆಲ್ ಹಾಕಿರಲೇ ಇಲ್ಲ.

"ನೀವು ಬೆನ್ನ ಹಿಂದೆ ಒತ್ತಿದ್ರೂ, ಸೂರಿಗೆ ಒತ್ತಿದ್ರೂ, ಐದು ರಿಮೋಟಲ್ಲಿ ಒಂದು ಸಲಾನೂ ತಪ್ಪಲಿಲ್ಲ ಅವಳು" ಎಂದರು ಮಾವ, ಮಗಳ ತಲೆ ಸವರುತ್ತಾ. "ಎಂಜಿನ್ ಡ್ರೈವರ್ ಮಗಳು ಅಂದ್ರೆ ಹೀಗಿರ್ಬೇಕು."

ಇವನು ನಿಂತಲ್ಲೇ ಕುಗ್ಗಿಹೋದ. ಮಾವ ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟಿದವರು, ಏನೋ ನೆನಪಾಗಿ ಕೈಯ ವಾಚು ನೋಡಿಕೊಂಡು ನಿಂತರು.

"ಇದು ನಾಲ್ಕು ದಿನದಿಂದ ನಿಂತಿದೆ, ಅಳಿಯಂದ್ರೇ. ಸೆಲ್ ಹಾಕಿಸ್ಬೇಕು. ಇವಳು ನಿಮ್ಮ ಅಂಗಡಿಗೆ ಯಾವತ್ತು ಬರ್ತಾಳೆ?"