ಚೊಂಬಿನ ಮಳೆ, ಆಕಾಶದ ಮಳೆ

ಮೇಷ್ಟ್ರ ಕೆಲಸಕ್ಕೆ ಸೇರಿದವನು ನಗೋದಕ್ಕೆ ಅಂತ ಬೇರೆಲ್ಲೂ ಹೋಗಬೇಕಾಗಿಲ್ಲ. ಹಾಜರಿ ಕೂಗಿ ಮುಗಿಸೋದರೊಳಗೆ ಏನಾದರೊಂದು ಆಗೇ ಆಗುತ್ತೆ. ನಾನು ಮಳೆ ಪಾಠ ಮಾಡಿದ ವರ್ಷವಂತೂ ದಿನಕ್ಕೊಂದು.

ಆಗ ಯುದ್ಧ ಮುಗಿದಿತ್ತು, ಸೀಮೆಎಣ್ಣೆಗೆ ಮಾತ್ರ ಇನ್ನೂ ಚೀಟಿ ಹಿಡಿದು ನಿಲ್ಲಬೇಕಿತ್ತು. ದೊಡ್ಡಬೆಳವಂಗಲದ ಹತ್ತಿರ ಒಂದು ಹಳ್ಳಿ ಶಾಲೆಗೆ ನಾನು ಹಂಗಾಮಿ ಮೇಷ್ಟ್ರು. ವಯಸ್ಸು ಇಪ್ಪತ್ತೊಂದು. ತ್ಯಾಮಗೊಂಡ್ಲುವಿನಲ್ಲಿ ಒಂದು ಹುಡುಗಿಯನ್ನು ನೋಡಿ ಬಂದಿದ್ದೆ, ಅವಳೂ ಬಾಗಿಲ ಸಂದಿಯಿಂದ ನೋಡಿ ನಕ್ಕಿದ್ದಳು. ಆದರೆ ಅವಳಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಮೊದ್ಲು ಕೆಲಸ ಖಾಯಂ ಆಗ್ಲಿ, ಆಮೇಲೆ ಮದುವೆ ಮಾತು." ಖಾಯಂ ಆಗಬೇಕಾದರೆ ಇನ್‌ಸ್ಪೆಕ್ಟರ್ ಸಾಹೇಬರು ಬಂದು, ನನ್ನ ಪಾಠ ನೋಡಿ, ನಾಲ್ಕು ಒಳ್ಳೆ ಮಾತು ಬರೆಯಬೇಕಿತ್ತು. ಆ ನಾಲ್ಕು ಮಾತಿಗಾಗಿ ನಾನು ಹಿಡಿದದ್ದೇ ಟ್ರೈನಿಂಗಿನಲ್ಲಿ ಕಲಿತ ಹೊಸ ವಿಧಾನ: ಮಳೆ ಬಗ್ಗೆ ಒಂದು ಕಥೆ ಓದಿಸೋದು, ಒಂದು ವಿಜ್ಞಾನದ ಪಾಠ ಓದಿಸೋದು, ಆಮೇಲೆ ಮಕ್ಕಳ ಕೈಲೇ ಮಳೆ ಅಳೆಸೋದು.

ಹೆಡ್ ಮೇಷ್ಟ್ರು ನಶ್ಯ ಏರಿಸುತ್ತಾ, "ಏನಪ್ಪಾ, ಮಗ್ಗಿ ಬಾಯಿಪಾಠ ಮಾಡ್ಸಿದ್ರೆ ಸಾಲ್ದಾ?" ಅಂದರು. ಅವರ ಮಾತು ಕೇಳಬೇಕಾಗಿತ್ತು.

೧. ಯಾವುದು ಕಥೆ, ಯಾವುದು ನಿಜ

ಮೊದಲ ದಿನ ಎರಡೂ ಓದಿಸಿದೆ. ಕಥೆಯಲ್ಲಿ ಒಂದು ಮೋಡ ಸುಸ್ತಾಗಿ ಬೆಟ್ಟದ ಮೇಲೆ ಕೂತು ಗೊಳೋ ಅಂತ ಅಳುತ್ತೆ. ಪಾಠದಲ್ಲಿ ಕೆರೆ ನೀರು ಬಿಸಿಲಿಗೆ ಆವಿಯಾಗಿ ಮೇಲೆ ಹೋಗಿ ಮಳೆಯಾಗುತ್ತೆ. "ಯಾವುದು ಕಥೆ, ಯಾವುದು ನಿಜ, ಬೇರೆ ಬೇರೆ ಮಾಡಿ" ಅಂದೆ.

ಇಡೀ ತರಗತಿ ಒಂದೇ ಬಾಯಲ್ಲಿ ಮೋಡದ ಅಳುವನ್ನು ನಿಜ ಅಂತು, ಆವಿಯನ್ನು ಕಥೆ ಅಂತು.

ನನಗೆ ರೇಗಿಹೋಯಿತು. "ಯಾಕ್ರೋ?" ಅಂದೆ. ಶಾಲೆಗೆಲ್ಲ ಇದ್ದ ನಾಲ್ಕು ಹೆಣ್ಣುಮಕ್ಕಳಲ್ಲಿ ಒಬ್ಬಳು ಎದ್ದು ನಿಂತಳು. ಕೆರೆ ತೂಬು ಕಾಯುವ ನೀರುಗಂಟಿಯ ಮಗಳು ಅವಳು, ಭಾರಿ ಚೂಟಿ.

"ನಂದಿಬೆಟ್ಟದ ಮ್ಯಾಲೆ ಮೋಡ ಕೂತಿರೋದು ನಾವೇ ನೋಡಿದೀವಿ ಸಾ. ಆದ್ರೆ ಕೆರೆ ನೀರು? ನಮ್ಮಪ್ಪ ತೂಬು ಎತ್ತದೆ ಅದು ಪಕ್ಕದ ಗದ್ದೆಗೇ ಹೋಗಾಕಿಲ್ಲ, ಆಕಾಶಕ್ಕೆ ಎಂಗೋಯ್ತದೆ?"

೨. ಎಷ್ಟು ಹೊತ್ತು ಬಂತು

ಜೂನಿನ ಮೊದಲ ಮಳೆ ಬಂತು. ಎಷ್ಟು ಹೊತ್ತು ಬಂತು ಅಂತ ಬರೆದುಕೊಂಡು ಬನ್ನಿ ಅಂದಿದ್ದೆ. ಒಬ್ಬ ಹುಡುಗ ಬರೆದು ತಂದ: "ನಮ್ಮವ್ವ ನಮ್ಮಪ್ಪನ್ನ ಬೈದು ಮುಗಿಸೋವಷ್ಟು ಹೊತ್ತು."

"ಲೇ, ಗಂಟೆ ಲೆಕ್ಕದಲ್ಲಿ ಬರೀಬೇಕು ಕಣೋ!"

"ನಮ್ಮನೇಲಿ ಗಡಿಯಾರ ಇಲ್ಲ ಸಾ" ಅಂದ ಅವನು, "ಅವ್ವ ಅವ್ಳೆ."

೩. ಜೋಯಿಸರ ಪ್ರಶ್ನೆ

ಮಳೆ ಅಳೆಯೋಕೆ ಒಂದು ಗಾಜಿನ ಸೀಸೆ, ಅದರ ಬಾಯಿಗೆ ತಗಡಿನ ಆಲಿಕೆ. ಶಾಲೆ ಅಂಗಳದಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿ ಅದರ ಮೇಲೆ ಕೂರಿಸಿದ್ದೆ. ದಿನಾ ಬೆಳಿಗ್ಗೆ ಅದರಲ್ಲಿದ್ದ ನೀರನ್ನು ಅಳೆದು ಗೋಡೆಯ ಪಟ್ಟಿಯಲ್ಲಿ ಬರೆಯೋ ಕೆಲಸ ನೀರುಗಂಟಿಯ ಮಗಳದ್ದು. "ಸೀಸೆಯಲ್ಲಿ ಇದ್ದದ್ದನ್ನ ಇದ್ದ ಹಾಗೆ ಬರಿ" ಅಂತ ತಾಕೀತು ಮಾಡಿದ್ದೆ.

ಊರಿನ ಜೋಯಿಸರು ಪಂಚಾಂಗ ಕಂಕುಳಲ್ಲಿಟ್ಟುಕೊಂಡು ಬಂದು ಸೀಸೆಯನ್ನು ಮೂರು ಸುತ್ತು ಸುತ್ತಿ ನೋಡಿದರು. "ನಾಳೆ ಮಳೆ ಉಂಟೋ ಇಲ್ವೋ, ಇದು ಹೇಳುತ್ಯೇ?"

"ಇಲ್ಲ ಜೋಯಿಸರೇ, ಬಂದ ಮಳೆ ಎಷ್ಟು ಅಂತ ಹೇಳುತ್ತೆ."

ಅವರು ನನ್ನನ್ನು ಅಯ್ಯೋ ಪಾಪ ಅನ್ನೋ ಹಾಗೆ ನೋಡಿದರು. "ಬಂದ ಮಳೆ ಹೇಳೋಕೆ ಸೀಸೆ ಯಾಕಪ್ಪಾ? ನೆಂದವನ್ನ ಕೇಳಿದ್ರೆ ಸಾಲ್ದೇ?"

೪. ಗಾಜಿನ ಮಳೆರಾಯ

ಅದೇನು ಗ್ರಹಚಾರವೋ, ಆಮೇಲೆ ಮಳೆ ಕೈಕೊಟ್ಟಿತು. ಆರಿದ್ರಾ ಮಳೆ ಒಂದು ಹನಿ ಹಾಕಲಿಲ್ಲ. ರಾಗಿ ಬಿತ್ತೋಕೆ ಹದ ಇಲ್ಲ, ಎಲ್ಲರ ಕಣ್ಣೂ ಆಕಾಶದ ಕಡೆ. ಇನ್‌ಸ್ಪೆಕ್ಟರ್ ಬರೋಕೆ ಹತ್ತು ದಿನ ಇದೆ ಅನ್ನೋವಾಗ ಪಟ್ಟಿ ನೋಡುತ್ತೇನೆ, ನಾಲ್ಕು ದಿನದಿಂದ ದಿನಾ ಒಂದೊಂದು ಇಂಚು ಮಳೆ!

"ಏನೇ ಇದು, ಸುಳ್ಳು ಬರೀತೀಯಾ?" ಅಂತ ಗದರಿದೆ. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು, "ಸೀಸೇಲಿ ಇದ್ದದ್ದನ್ನೇ ಬರ್ದಿವ್ನಿ ಸಾ. ಆಕಾಶ ನೋಡಿ ಬರಿ ಅಂತ ನೀವು ಹೇಳ್ಲಿಲ್ಲ" ಅಂದಳು. ಅವಳನ್ನು ಗದರಿದ್ದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತೆ.

ಮಾರನೆಯ ದಿನ ಹೊತ್ತು ಹುಟ್ಟೋ ಹೊತ್ತಿಗೇ ಹೋಗಿ ನೋಡಿದೆ. ಊರಿನ ಹೆಂಗಸರೆಲ್ಲ ಚೊಂಬು ಹಿಡಿದು ಸಾಲಾಗಿ ನಿಂತಿದ್ದಾರೆ. ಸೀಸೆಗೆ ಅರಿಶಿನ ಕುಂಕುಮ, ಆಲಿಕೆಗೆ ತುಂಬೆ ಹೂವಿನ ಹಾರ. ನಮ್ಮ ಕಡೆ ಮಳೆ ಹೋದರೆ ಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆ ಮೇಲಿಟ್ಟು ಹೊತ್ತು ಮನೆಮನೆಗೆ ಹೋಗುತ್ತಾರೆ. ಪ್ರತಿ ಮನೆಯವರೂ ಅವನ ಮೇಲೆ ನೀರು ಹುಯ್ಯಬೇಕು.

"ಅಜ್ಜೀ, ಇದು ಮಳೆ ಅಳೆಯೋ ಸೀಸೆ!" ಅಂತ ಕೈಮುಗಿದೆ.

ಮುಂದೆ ನಿಂತಿದ್ದ ಮುದುಕಿ ನೀರು ಹುಯ್ಯೋದನ್ನು ನಿಲ್ಲಿಸಲೇ ಇಲ್ಲ. "ಕಟ್ಟೆ ಕಟ್ಸಿ ಕೂರ್ಸಿದೋರು ನೀವೇ ಅಲ್ವಾ ಮೇಷ್ಟ್ರೇ? ಮಣ್ಣಿನೋನು ಕರಗೋಯ್ತಾನೆ, ಗಾಜಿನೋನು ಗಟ್ಟಿ. ಕೂರ್ಸಿದ್ಮ್ಯಾಲೆ ನೀರು ಹುಯ್ದೆ ಇರಕಾಯ್ತದಾ?"

ಬೇಡಿಕೊಂಡೆ, ಹೆಡ್ ಮೇಷ್ಟ್ರಿಂದ ಹೇಳಿಸಿದೆ, ಏನೂ ಉಪಯೋಗವಾಗಲಿಲ್ಲ. ಹೆಡ್ ಮೇಷ್ಟ್ರ ಮನೆಯವರೇ ಸಾಲಿನಲ್ಲಿದ್ದರು.

ಇನ್‌ಸ್ಪೆಕ್ಟರ್ ಸಾಹೇಬರ ಜಟಕಾ ಬಂದೇಬಿಟ್ಟಿತು. ಕೋಟಿನ ಮೇಲೆಲ್ಲ ಕೆಂಪು ಧೂಳು. ಇಳಿದವರೇ ಸೀಸೆ ಮುಂದೆ ನಿಂತರು. "ಏನ್ರೀ ಮೇಷ್ಟ್ರೇ, ವಿಜ್ಞಾನಕ್ಕೆ ಅರಿಶಿನ ಕುಂಕುಮ?"

ತ್ಯಾಮಗೊಂಡ್ಲು ಕೈಬಿಟ್ಟು ಹೋಯಿತು ಅಂದುಕೊಂಡೆ. ಸಾಹೇಬರು ಒಳಗೆ ಹೋಗಿ ಪಟ್ಟಿಗೆ ಮುಖವಿಟ್ಟು ಓದತೊಡಗಿದರು. ಓದುತ್ತಾ ಓದುತ್ತಾ ಅವರ ಹೊಟ್ಟೆ ಅಲುಗಾಡತೊಡಗಿತು. ಏನಾಯಿತು ಅಂತ ನಾನೂ ಇಣುಕಿದೆ. ಆ ಹುಡುಗಿ ಹಿಂದಿನ ದಿನವೇ ಪಟ್ಟಿಗೆ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿಟ್ಟಿದ್ದಳು. ಒಂದರ ಮೇಲೆ 'ಕಥೆ ಮಳೆ, ಚೊಂಬಿನದು' ಅಂತ ಬರೆದು ದಿನಕ್ಕೊಂದು ಇಂಚು. ಇನ್ನೊಂದರ ಮೇಲೆ 'ನಿಜ ಮಳೆ, ಆಕಾಶದ್ದು' ಅಂತ ಬರೆದು ಉದ್ದಕ್ಕೂ ಸೊನ್ನೆ.

"ಇಷ್ಟು ಪ್ರಾಮಾಣಿಕವಾದ ಪಟ್ಟಿ ನಾನು ಯಾವ ಕಚೇರೀಲೂ ನೋಡಿಲ್ಲ" ಅಂದರು ಸಾಹೇಬರು. ಹೊರಡುವಾಗ ಅತ್ತ ಇತ್ತ ನೋಡಿ, ಮೆಲ್ಲಗೆ ಒಂದು ಚೊಂಬು ನೀರು ತರಿಸಿ ಸೀಸೆ ಮೇಲೆ ಹುಯ್ದರು. "ನಮ್ಮೂರಲ್ಲೂ ಮಳೆ ಇಲ್ಲ ಕಣ್ರೀ."

ಮೂರು ದಿನ ಬಿಟ್ಟು ಮಳೆ ಹುಯ್ಯಿತು. ಸರ್ಕಾರಿ ಚೊಂಬು, ಅದಕ್ಕೇ ಮೂರು ದಿನ ತಡ ಅಂದರು ಊರವರು.

ನಾನು ಖಾಯಂ ಆದೆ. ಶ್ರಾವಣದಲ್ಲಿ ತ್ಯಾಮಗೊಂಡ್ಲುವಿನಲ್ಲಿ ಮದುವೆ. ಮಕ್ಕಳೆಲ್ಲ ಗಾಡಿ ಕಟ್ಟಿಸಿಕೊಂಡು ಬಂದಿದ್ದರು, ಮಡಿಲಲ್ಲಿ ಆ ಸೀಸೆ ಬೇರೆ. ಎರಡು ಕಾಲಮ್ಮಿನ ಪಟ್ಟಿಯ ಸಂಗತಿಯನ್ನೂ ಮದುಮಗಳಿಗೆ ಆಗಲೇ ಹೇಳಿ ಮುಗಿಸಿದ್ದರು. ಧಾರೆ ಹೊತ್ತಿಗೆ ಸರಿಯಾಗಿ ಮಳೆ ಜೋರಾಗಿ, ತೆಂಗಿನ ಗರಿಯ ಚಪ್ಪರ ಸೋರತೊಡಗಿತು. ನೆಂಟರೆಲ್ಲ ಎದ್ದು ಓಡಿದರು. ನೀರುಗಂಟಿಯ ಮಗಳು ಮಾತ್ರ ಚಪ್ಪರದ ಹೊರಗೆ ಸೀಸೆ ಇಟ್ಟು ಬಂದು, ತಲೆಯಿಂದ ನೀರು ತೊಟ್ಟಿಕ್ಕಿಸುತ್ತಾ ಮಂಟಪದ ಪಕ್ಕವೇ ನಿಂತಿದ್ದಳು. ಮಾವನವರು ಚೊಂಬು ಬಗ್ಗಿಸಿ ನಮ್ಮಿಬ್ಬರ ಕೈಮೇಲೆ ಧಾರೆ ಎರೆದದ್ದೇ ತಡ, ಅವಳು ಬಗ್ಗಿ ನನ್ನ ಕಿವಿಯ ಹತ್ತಿರ ಕೇಳಿದಳು:

"ಸಾ, ಇದೂ ಚೊಂಬಿನ ನೀರೇ ಅಲ್ವಾ? ಕಥೆ ಕಾಲಮ್ಮಿಗೆ ಬರೀಲಾ?"

ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಮದುಮಗಳು ನನಗಿಂತ ಮೊದಲೇ ಹೇಳಿಬಿಟ್ಟಳು: "ಬೇಡಮ್ಮ, ನಿಜದ್ದಕ್ಕೇ ಬರಿ."