ಮಂದಾಕಿನಿಗೆ ಹೆಸರು, ಭೀಮಮ್ಮನಿಗೆ ತೊಗರಿ

ಗಂಡಸಿಗೆ ಹೊರಗೆ ಎಷ್ಟೇ ಮರ್ಯಾದೆ ಇರಲಿ, ಹೆತ್ತ ಮಗಳಿಗೆ ತನಗೆ ಬೇಕಾದ ಹೆಸರಿಡುವ ಹಕ್ಕಾದರೂ ಮನೆಯಲ್ಲಿ ಬೇಡವೇ? ಸೇಡಂ ಶಾಲೆಯಲ್ಲಿ ನಾನು ಕೆಮ್ಮಿದರೆ ಎರಡನೆಯ ತರಗತಿ ಪೂರ್ತಿ ಎದ್ದು ನಿಲ್ಲುತ್ತದೆ. ಮನೆಯಲ್ಲಿ ಕೆಮ್ಮಿದರೆ ಕಷಾಯ ಕುಡಿಸುತ್ತಾರೆ, ಅಷ್ಟೆ.

ನಮ್ಮ ಎರಡನೆಯ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. ನಾನು ‘ಮಂದಾಕಿನಿ’ ಎಂಬ ದಿವ್ಯ ನಾಮಧೇಯವನ್ನು ಹುಡುಕಿಟ್ಟಿದ್ದೆ. ನನ್ನ ಹೆಂಡತಿ ಶಿವಕಾಂತಮ್ಮ ಅದನ್ನು ಪದ ಬಿಡಿಸಿ ನೋಡಿದಳು.

“ಮಂದ, ಆಕಿ, ನೀ! ಹುಟ್ಟಿದ ಕೂಸಿಗೆ ಮಂದ ಅಂತ ಬೈತೀರೇನು? ನಮ್ಮಜ್ಜಿ ಹೆಸರು ಇಡೋಣು. ಭೀಮಮ್ಮ.”

“ಅಂಗೈಯಷ್ಟು ಕೂಸಿಗೆ ಭೀಮಮ್ಮ? ಗದಾ ಯಾರು ಹೊರಬೇಕು?”

“ನಾ ಹೊರ್ತೀನಿ. ಯಾರ ಮ್ಯಾಲ ಬೀಸಬೇಕಂತನೂ ನನಗ ಗೊತ್ತದ.”

(ಅವಳು ಸಣ್ಣವಳಿದ್ದಾಗಲೇ ತಾಯಿ ತೀರಿಕೊಂಡಿದ್ದರು. ತವರೂರು ಆಡಕಿಯಲ್ಲಿ ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು ಆ ಅಜ್ಜಿಯೇ. ಇದು ನನಗೂ ಗೊತ್ತಿತ್ತು. ಆದರೆ ವಾದದಲ್ಲಿ ಸೋಲುತ್ತಿರುವಾಗ ಗೊತ್ತಿದ್ದದ್ದು ಯಾರಿಗೆ ನೆನಪಾಗುತ್ತದೆ?)

ಆಗಲೇ ನನ್ನ ತಲೆಯಲ್ಲಿ ದೀಪ ಹತ್ತಿದ್ದು. ಸಣ್ಣ ಮಕ್ಕಳಿಗೂ ಅಂಕಿ ಅಂಶ ಕಲಿಸಬೇಕು, ಅವರೇ ಹತ್ತು ಮನೆ ತಿರುಗಿ ಕೇಳಿಕೊಂಡು ಬಂದು, ಬೇರೆ ಬೇರೆ ಮಾಡಿ, ಸಾಲು ಹಚ್ಚಿ ನೋಡಬೇಕು ಎಂದು ಗುಲಬರ್ಗಾದ ಶಿಕ್ಷಕರ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಪಾಠವೂ ಆಯಿತು, ಹೆಂಡತಿಯ ಬಾಯಿಯೂ ಮುಚ್ಚಿತು ಎಂದುಕೊಂಡೆ.

“ಓಣಿ ಮಂದಿ ಯಾವ ಹೆಸರು ಅಂತಾರೋ ಅದೇ ಖಾಯಂ. ಲೆಕ್ಕ ಸುಳ್ಳು ಹೇಳಂಗಿಲ್ಲ,” ಎಂದೆ.

“ಆಗಲಿ. ಆಮ್ಯಾಲ ಮಾತು ತಿರುಗಿಸಬ್ಯಾಡ್ರಿ,” ಎಂದಳು.

ಹಿರಿಯ ಮಗಳು ಸುಂದರಬಾಯಿಯನ್ನೂ ಪಕ್ಕದ ಮನೆಯ ಚಾಂದಬೀಯ ಮಗ ಮಶಾಕನನ್ನೂ ಕರೆದೆ. ಇಬ್ಬರೂ ನನ್ನ ತರಗತಿಯವರೇ. ತೊಟ್ಟಿಲ ದಿನ ಉಂಡಿ ಕಟ್ಟಲೆಂದು ಆಡಕಿಯಿಂದ ಹೆಸರುಕಾಳಿನ ಚೀಲ ಬಂದು ಕೂತಿತ್ತು. ತೊಗರಿಯಂತೂ ನಮ್ಮ ಕಡೆ ಯಾರ ಮನೆಯಲ್ಲಿಲ್ಲ? ಮಂದಾಕಿನಿ ಎಂದವರ ಲೆಕ್ಕಕ್ಕೆ ಒಂದು ಹೆಸರುಕಾಳು, ಭೀಮಮ್ಮ ಎಂದವರ ಲೆಕ್ಕಕ್ಕೆ ಒಂದು ತೊಗರಿಕಾಳು ಡಬ್ಬಿಗೆ ಹಾಕಬೇಕು, ಮನೆಗೆ ಒಂದೇ ಕಾಳು ಎಂದು ಅಪ್ಪಣೆ ಕೊಡಿಸಿದೆ. (ಹೆಸರಿಗೆ ಹೆಸರು! ಈ ಶ್ಲೇಷೆಗೆ ನಾನೊಬ್ಬನೇ ನಕ್ಕೆ.)

ಮಕ್ಕಳು ಓಣಿ ಸುತ್ತಿ ಬಂದರು. ಪಡಸಾಲೆಯ ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದು ಕಾಳು ಜೋಡಿಸಲು ಹೇಳಿದೆ.

“ಸರ್, ತೊಗರಿ ದಪ್ಪ ಅದರಿ. ಸ್ವಲ್ಪ ಇದ್ರೂ ಸಾಲು ಉದ್ದ ಕಾಣಸ್ತದ,” ಎಂದ ಮಶಾಕ.

ನನಗೆ ಅವನನ್ನು ಎತ್ತಿ ಮುದ್ದಾಡುವಷ್ಟು ಸಂತೋಷವಾಯಿತು. ಒಂದು ಕಾಳಿನ ಎದುರಿಗೆ ಒಂದೇ ಕಾಳು ಇಡಿಸಿದೆ. ಹೆಸರಿನ ಸಾಲು ಹೊಸ್ತಿಲ ಕಡೆ ನಡೆದೇ ನಡೆಯಿತು. ತೊಗರಿ ಆರಂಭದಲ್ಲೇ ಕುಂತುಬಿಟ್ಟಿತು.

ನಾನು ಸಂಖ್ಯಾಶಾಸ್ತ್ರದ ಮಹಿಮೆಯನ್ನು ಕುರಿತು ಸಣ್ಣ ಭಾಷಣ ಮಾಡಿದೆ. ಶಿವಕಾಂತಮ್ಮ ಜಗಳಕ್ಕೆ ಬರಲಿಲ್ಲ. ಕೂಸಿನ ಕುಲಾವಿ ಸರಿ ಮಾಡುತ್ತ, “ನಮ್ಮಜ್ಜಿನ್ನ ಇನ್ನೊಮ್ಮೆ ಬಾಯಿ ತುಂಬ ಕರೀಬೇಕಂತ ಆಸೆ ಇತ್ತು, ಇರಲಿ,” ಎಂದಳು. ನನಗೆ ಒಳಗೆ ಚುರುಕ್ ಎಂದಿತು. ಆದರೂ ಗೆದ್ದ ಗತ್ತನ್ನು ಅಷ್ಟು ಬೇಗ ಬಿಡಲಾಗಲಿಲ್ಲ.

ಅಷ್ಟರಲ್ಲಿ ಚಾಂದಬೀ ಬೋಗುಣಿ ಹಿಡಿದು ಬಂದಳು.

“ಮಾಸ್ತರ್ ಸಾಬ್, ಹೆಸರು ಕೊಡ್ರಿ.”

“ಮಂದಾಕಿನಿ!” ಎಂದೆ, ಹೆಮ್ಮೆಯಿಂದ.

“ಅದ್ಯಾರ್ರೀ? ನನಗ ಹೆಸರುಕಾಳು ಕೊಡ್ರಿ. ‘ನಿಮಗ ಹೆಸರು ಬೇಕೋ, ತೊಗರಿ ಬೇಕೋ’ ಅಂತ ಹುಡುಗರು ಕೇಳ್ಕೋತ ಬಂದಿದ್ರಲ್ಲ? ತೊಗರಿ ಮನ್ಯಾಗ ಚೀಲಗಟ್ಟಲೆ ಬಿದ್ದದ. ಅದಕ್ಕ ಹೆಸರು ಅಂದೆ.”

ಅವಳ ಹಿಂದೆ ಎದುರು ಮನೆಯ ಹಣಮಮ್ಮ ಡಬರಿ ಹಿಡಿದು ನಿಂತಿದ್ದಳು. ಹಣಮಮ್ಮನ ಹಿಂದೆ ಇಡೀ ಓಣಿ ನಿಂತಿತ್ತು. ನಾನು ಮಗಳ ಕಡೆ ತಿರುಗಿದೆ.

“ಮಂದಾಕಿನಿ ಅನ್ನಾಕ ಮಶಾಕನ ನಾಲಿಗಿ ಹೊರಳಲಿಲ್ಲಪ್ಪ. ‘ಮಂಡಕ್ಕಿನಿ, ಮಂಡಕ್ಕಿನಿ’ ಅನ್ನಾಕತ್ತಿದ್ದ,” ಎಂದಳು ಸುಂದರಬಾಯಿ. “ಅದಕ್ಕ ಬರೇ ಕಾಳಿನ ಮಾತೇ ಕೇಳಿದ್ವಿ. ಹಂಗ ಕೇಳಿದ್ದು ತಪ್ಪಾಯ್ತೇನು?”

ಶಿವಕಾಂತಮ್ಮ ನಗುತ್ತ ಗೋಡೆ ಹಿಡಿದುಕೊಂಡಳು. ಆಮೇಲೆ ಹೆಸರಿನ ಚೀಲವನ್ನು ಬಾಗಿಲಿಗೇ ಎಳೆದು ತಂದು ಅಳೆಯತೊಡಗಿದಳು. ಒಬ್ಬೊಬ್ಬರ ಪಾತ್ರೆ ತುಂಬಿದಾಗಲೂ, “ಕೂಸಿಗೆ ಭೀಮಮ್ಮ ಅಂತ ಇಟ್ರ ಹ್ಯಾಂಗ್ರೀ?” ಎಂದು ಕೇಳುತ್ತಿದ್ದಳು. ತುಂಬಿದ ಪಾತ್ರೆ ಹಿಡಿದವರು ಬೇರೆ ಏನು ಹೇಳಿಯಾರು? ಎಲ್ಲರದೂ ಒಂದೇ ಮಾತು: “ಭಾಳ ಛಲೋ ಅದ ನೋಡ್ರಿ!”

“ಕಾಳು ಕೊಟ್ಟು ಕೇಳಿದ್ರ ಅದು ಲೆಕ್ಕ ಹ್ಯಾಂಗಾಗತದ?” ಎಂದು ಕೂಗಿದೆ.

“ನೀವು ಕೊಡತೀನಂತ ಹೇಳಿ ಕೇಳಿದ್ರಿ. ನಾ ಕೊಟ್ಟೇ ಕೇಳಾಕತ್ತೀನಿ. ಅಷ್ಟೇ ಫರಕು.”

ಚೀಲ ಬರಿದಾಯಿತು. ಉಂಡಿಯ ಮಾತು ಮುಗಿದೇ ಹೋಯಿತು. ಕೊನೆಯವರು ಹೊರಟ ಮೇಲೆ ಅವಳು ತೊಟ್ಟಿಲ ಮೇಲೆ ಬಗ್ಗಿ, “ಭೀಮಮ್ಮಾ,” ಎಂದು ಕರೆದಳು. ಹಾಗೆ ಕರೆಯುವಾಗ ಅವಳೇ ಸಣ್ಣ ಹುಡುಗಿಯ ಹಾಗೆ ಕಂಡಳು. ಸೋತದ್ದಕ್ಕೆ ನನಗೆ ಸಂತೋಷವೇ ಆಯಿತು. ಆದರೆ ಮುಖ ಮಾತ್ರ ಗಂಟು ಹಾಕಿಕೊಂಡೇ ಕೂತಿದ್ದೆ.

ಅವಳು ನನ್ನ ಕಡೆ ನೋಡಿ ಸೆರಗಿನಿಂದ ನಗು ಒರೆಸಿಕೊಂಡಳು.

“ಯಾಕ ಮಾರಿ ಸಣ್ಣ ಮಾಡ್ತೀರಿ? ಇಡೀ ಓಣಿಗೆ ನೀವೇ ಹೆಸರು ಕೊಟ್ಟೀರಿ. ಮಗಳಿಗೊಬ್ಬಾಕಿಗೆ ನಾ ಕೊಡ್ತೀನಿ, ಬಿಡ್ರಿ.”