ಏಳನೇ ಚೀಟಿ ತಿಂದ ಮೇಕೆಯವರಿಗೆ

ಹುಲ್ಲಹಳ್ಳಿ ಹತ್ತಿರದ ನಮ್ಮ ಪ್ರೌಢಶಾಲೆಯ ಬೇಲಿಯಾಚೆ, ಜವರಮ್ಮನವರ ಹಿತ್ತಲಲ್ಲಿ ವಾಸವಾಗಿರುವ ಮೇಕೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕುಶಲವೆಂದೂ, ಹೋದ ಸೋಮವಾರ ತಿಂದದ್ದು ಸುಖವಾಗಿ ಅರಗಿದೆಯೆಂದೂ ನಂಬಿ, ಒಂಬತ್ತನೇ ತರಗತಿಗೆ ಚರಿತ್ರೆ ಹೇಳುವ ಬದರೀನಾರಾಯಣನೆಂಬ ನಾನು ವಂದಿಸಿ ಸಲ್ಲಿಸುವ ದೂರು ಏನೆಂದರೆ, ಆ ದಿನ ತಾವು ದಾಸವಾಳದ ಬೇಲಿಯಿಂದ ಕಿತ್ತು ತಿಂದದ್ದು ಎಲೆಯಲ್ಲ, ನಮ್ಮ ತರಗತಿಯ ಬಿಡುಗಡೆ.

ಜರ್ಮನಿಯಲ್ಲಿ ಸರ್ವಾಧಿಕಾರಿ ಹೇಗೆ ಮೇಲೆ ಬಂದನೆಂಬ ಪಾಠವನ್ನು ಮಕ್ಕಳು ಪ್ರತಿ ವರ್ಷವೂ ಆಕಳಿಸುತ್ತ ಕೇಳುವುದನ್ನು ನೋಡಿ ಬೇಸತ್ತು, ಈ ಸಲ ಅದನ್ನು ಹುಡುಕಾಟದ ಆಟ ಮಾಡೋಣವೆಂದು ಏಳು ಚೀಟಿ ಬರೆದು ಶಾಲೆಯ ಸುತ್ತ ಬಚ್ಚಿಟ್ಟೆ. ಮೊದಲನೆಯದು ಸಿಕ್ಕಾಗ ಮಕ್ಕಳು ಓಟು ಹಾಕಿ ಒಬ್ಬ ನಾಯಕರನ್ನು ಆರಿಸಬೇಕು. ಆಮೇಲಿನ ಒಂದೊಂದು ಚೀಟಿಗೂ ನಾಯಕರಿಗೆ ಒಂದೊಂದು ಅಧಿಕಾರ ಹೆಚ್ಚಬೇಕು. ಏಳನೆಯದರಲ್ಲಿ ಮಾತ್ರ ‘ಆಡಳಿತ ಮುಗಿಯಿತು, ಕೆಳಗಿಳಿಯಿರಿ’ ಎಂದಿತ್ತು. ಮಕ್ಕಳು ಸೀಮೆಸುಣ್ಣ ಹಂಚುವ ಸಾಧು ಹುಡುಗಿ ಚಂಪಕಳನ್ನು ಆರಿಸಿದರು. ನೀರಿನ ಹಂಡೆಯ ಕೆಳಗಿನ ಚೀಟಿಯಿಂದ ಗೋಡೆ ಪತ್ರಿಕೆ ನಿಂತುಹೋಯಿತು, ಗಂಟೆಯ ಹಿಂದಿನದರಿಂದ ಅವಳ ಅಪ್ಪಣೆಯಿಲ್ಲದೆ ಯಾರೂ ಮಾತಾಡಕೂಡದೆಂದಾಯಿತು, ಆರನೆಯದು ಸಿಗುವ ಹೊತ್ತಿಗೆ ನನ್ನ ಕುರ್ಚಿಯೇ ಅವಳದಾಗಿತ್ತು. ಅಷ್ಟರಲ್ಲಿ ಏಳನೆಯದು ತಮ್ಮ ಹೊಟ್ಟೆ ಸೇರಿತ್ತು.

ತಮ್ಮ ಯಜಮಾನಿಯವರಲ್ಲಿ ಅಹವಾಲು ಹೇಳಿಕೊಂಡರೆ, ‘ಅಸ್ದಿತ್ತು, ತಿಂತು ಸಾ. ಬೇಲಿ ಮ್ಯಾಲೆ ಪಾಠ ಮಡಗ್ದೋರ್ಯಾರು?’ ಎಂದು ನನ್ನನ್ನೇ ವಿಚಾರಿಸಿಕೊಂಡರು. ಚಂಪಕಳಾದರೂ ದಯಾಮಯಿ, ‘ಚೀಟಿ ಸಿಗ್ಲಿ ಸಾರ್, ತಕ್ಷಣ ಇಳೀತೀನಿ’ ಎಂದಳು. ನಾನು ಕೂಡಲೇ ಇನ್ನೊಂದು ಬರೆದುಕೊಟ್ಟೆ. ನಕಲು ಚೀಟಿ ಅಪರಾಧವೆಂದು ತೀರ್ಪು ಕೊಟ್ಟು, ನನ್ನನ್ನು ಒಂದು ಪೀರಿಯಡ್ ಬಾಗಿಲ ಹೊರಗೆ ನಿಲ್ಲಿಸಿದಳು. ನಾನೂ ನಿಂತೆ. ಯಾಕೆ ನಿಂತೆನೆಂದು ಕೇಳಬೇಡಿ, ಎಲ್ಲರೂ ನೋಡುತ್ತಿದ್ದರು.

ಶುಕ್ರವಾರ ಶಾಲಾ ಇನ್ಸ್‌ಪೆಕ್ಟರು ತನಿಖೆಗೆ ಬಂದರು. ನಲವತ್ತೆರಡು ಮಕ್ಕಳು ಕೈಕಟ್ಟಿ, ಕಣ್ಣು ಪಿಳುಕಿಸದೆ ಕೂತದ್ದನ್ನು ಕಂಡು, ಇಂಥ ಶಿಸ್ತನ್ನು ನಂಜನಗೂಡಿನಿಂದ ಟಿ. ನರಸೀಪುರದವರೆಗೆ ಎಲ್ಲೂ ಕಂಡಿಲ್ಲವೆಂದು ಬರೆದು, ನನ್ನ ಬೆನ್ನು ತಟ್ಟಿ ಹೋದರು. ನನಗೆ ಹಿಗ್ಗೋ ಹಿಗ್ಗು. ಮನೆಯಲ್ಲಿ ಪಾಯಸ ಮಾಡಿಸಿದೆ. ಎರಡನೇ ಲೋಟಕ್ಕೆ ಕೈ ಹಾಕುವಾಗ ನೆನಪಾಯಿತು, ಪೀರಿಯಡ್ಡಿಗೆ ಹತ್ತು ಸಲ ಎದ್ದು ‘ಯಾಕ್ ಸಾ?’ ಎಂದು ನನ್ನ ತಲೆ ತಿನ್ನುತ್ತಿದ್ದ ಸಿದ್ದರಾಜು ಸೋಮವಾರದಿಂದ ಬಾಯೇ ಬಿಟ್ಟಿಲ್ಲ. ಲೋಟ ಕೆಳಗಿಟ್ಟೆ. ನಾಚಿಕೆಯಾಯಿತು, ಮಾನ್ಯರೇ. ಆ ಹುಡುಗನ ‘ಯಾಕ್ ಸಾ’ ನನಗೆ ವಾಪಸು ಬೇಕು.

ತಾವು ಮೆಲುಕು ಹಾಕುವ ಮನೆತನದವರು. ನುಂಗಿದ್ದನ್ನು ಮತ್ತೆ ಬಾಯಿಗೆ ತಂದುಕೊಳ್ಳುವ ಪ್ರಾಮಾಣಿಕತೆ ನಮ್ಮ ಇಲಾಖೆಯಲ್ಲಿ ಯಾರಿಗೂ ಇಲ್ಲ. ಆದಕಾರಣ ಬರುವ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ದಯಮಾಡಿಸಿ, ಹೆಡ್‌ಮಾಸ್ಟರ ಸಮಕ್ಷಮದಲ್ಲಿ ಸದರಿ ಚೀಟಿಯನ್ನು ಹೊರತಂದು, ಅಕ್ಷರ ಅಳಿಯದಂತೆ ಬಿಡಿಸಿ ಕೊಡಬೇಕಾಗಿ ಪ್ರಾರ್ಥನೆ. ಅದಾಗದಿದ್ದರೆ, ತಿಂದದ್ದು ಅದೇ ಚೀಟಿಯೆಂದು ಮೂರು ಸಲ ಅರಚಿ ಸಾಕ್ಷಿಯನ್ನಾದರೂ ನುಡಿಯಬೇಕು. ಹಲಸಿನ ಸೊಪ್ಪು ನಾನೇ ಹೊತ್ತು ತರುತ್ತೇನೆ.

ಕುರ್ಚಿಯಿಲ್ಲದೆ ನಿಂತೇ ಪಾಠ ಮಾಡುತ್ತಿರುವ,
ತಮ್ಮ ವಿಶ್ವಾಸಿ,
ಬದರೀನಾರಾಯಣ
ಆಗಸ್ಟ್ 1979

ತಾ.ಕ.: ಬಹಿರಂಗ ಪತ್ರಗಳನ್ನು ಮೊದಲು ನಾಯಕರಿಗೆ ತೋರಿಸಬೇಕೆಂಬ ಹೊಸ ನಿಯಮವಿರುವುದರಿಂದ ಇದನ್ನು ಚಂಪಕ ಅವರಿಗೆ ತೋರಿಸಿದೆ. ಅವರು ಎರಡು ಸಾಲು ಹೊಡೆದುಹಾಕಿ ಕೊಟ್ಟರು. ಅವಿಲ್ಲದೆಯೇ ಪತ್ರ ಚೆನ್ನಾಗಿದೆ ಎಂದು ನನಗೂ ಅನ್ನಿಸುತ್ತಿದೆ.